ಟಿಪ್ಪಣಿಗೆ ಕೊಂಡಿ, ಕೊಂಡಿಗೆ ವಿಭಕ್ತಿ

ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ ಮಡಚಿದರೆ ಕಡತ. ಬಳಪದಲ್ಲಿ ಬರೆಯಬಹುದು, ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಆದರೆ ಒಂದು ಮಡಿಕೆಯ ಮಾತಿಗೂ ಇನ್ನೊಂದರ ಮಾತಿಗೂ ಇರುವ ನಂಟನ್ನು ಓದುವವರೇ ನೆನಪಿಟ್ಟುಕೊಳ್ಳಬೇಕಿತ್ತು. ಆ ನಂಟನ್ನೂ ಬರಹದಲ್ಲೇ ಹಿಡಿದಿಟ್ಟದ್ದು ಚೀಟಿಗಳು. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳಿಗೆ ಸಂಖ್ಯೆ ಕೊಟ್ಟು, ಒಂದರಲ್ಲಿ ಇನ್ನೊಂದರ ಸಂಖ್ಯೆ ಬರೆದಿಡುತ್ತಿದ್ದರು.

ಗಣಕದಲ್ಲಿ ಇದೇ ಕೆಲಸವನ್ನು 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಅವರ ವಿಕಿ ಹಗುರ ಮಾಡಿತು. ದೊಡ್ಡಕ್ಷರದಿಂದ ಶುರುವಾಗುವ ಎರಡು ಪದಗಳನ್ನು ಕೂಡಿಸಿ ಬರೆದರೆ ಸಾಕು, ಅದೇ ಕೊಂಡಿ. ದೊಡ್ಡಕ್ಷರವೇ ಇಲ್ಲದ ಕನ್ನಡಕ್ಕೆ ಈ ಉಪಾಯದಿಂದ ಉಪಯೋಗವಿರಲಿಲ್ಲ. ನಮಗೆ ದಾರಿಯಾದದ್ದು ಆಮೇಲೆ ಬಂದ, ಪುಟದ ಹೆಸರನ್ನು ಒಳಗಿಟ್ಟರೆ ಕೊಂಡಿಯಾಗುವ ಜೋಡಿ ಚೌಕ ಆವರಣ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುವುದೂ ಅದರಿಂದಲೇ. 2004ರಲ್ಲಿ ಜಾನ್ ಗ್ರೂಬರ್, ಸಾದಾ ಪಠ್ಯದಲ್ಲೇ ತಲೆಬರಹ, ಪಟ್ಟಿಗಳನ್ನು ಗುರುತಿಸುವ ಮಾರ್ಕ್‌ಡೌನ್ ಕೊಟ್ಟರು. 2020ರ ಟಿಪ್ಪಣಿ ತಂತ್ರಾಂಶ ಅಬ್ಸಿಡಿಯನ್ ಅದಕ್ಕೆ ಜೋಡಿ ಆವರಣ ಸೇರಿಸಿ, ಟಿಪ್ಪಣಿಗಳನ್ನು ನಮ್ಮದೇ ಗಣಕದ ಸಾದಾ ಪಠ್ಯದ ಕಡತಗಳಾಗಿ ಇಟ್ಟಿತು.

ಆದರೆ ಕನ್ನಡದ ಪಠ್ಯ ಬಹಳ ಕಾಲ ಸಾದಾ ಆಗಿರಲೇ ಇಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದನ್ನು ಆ ಫಾಂಟ್ ಇಲ್ಲದೆಡೆ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಮನೆಯ ಗಣಕಕ್ಕೆ ಅದು ತಲುಪಿದ್ದು ವಿಂಡೋಸ್ ಎಕ್ಸ್‌ಪಿಯ ಜೊತೆ. ಅದರ ಕನ್ನಡ ಫಾಂಟಿನ ಹೆಸರು ತುಂಗಾ.

ಇಷ್ಟಾದರೂ ಕನ್ನಡದ ಸಮಸ್ಯೆ ಮುಗಿದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಂಚಿನ ತುಮರಿಯವರೊಬ್ಬರು ಅಲ್ಲಿಯ ಮುಳುಗಡೆಯ ನೆನಪುಗಳನ್ನು ಬರೆದಿಡುತ್ತಿದ್ದಾರೆ ಎನ್ನಿ. ಮುಳುಗಿದ ಮಡೆನೂರು ಅಣೆಕಟ್ಟು, ಲಾಂಚ್, ಅದು ನಿಲ್ಲುತ್ತಿದ್ದ ಹೊಳೆಬಾಗಿಲು, 2025ರ ಜುಲೈಯಲ್ಲಿ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಒಂದೊಂದಕ್ಕೂ ಒಂದು ಟಿಪ್ಪಣಿ. ‘[[ತುಮರಿ]]ಯಲ್ಲಿ’ ಎಂದು ಬರೆದರೆ ಆವರಣದ ಆಚೆಗೆ ಪ್ರತ್ಯಯ ನೆಮ್ಮದಿಯಾಗಿ ಕೂರುತ್ತದೆ. ‘ಹೊಳೆಬಾಗಿಲಿಗೆ’ ಎನ್ನುವಲ್ಲಿ ಕೊನೆಯ ಉಕಾರವೇ ಬಿದ್ದುಹೋಗುತ್ತದೆ. ಅಲ್ಲಿ ‘[[ಹೊಳೆಬಾಗಿಲು|ಹೊಳೆಬಾಗಿಲಿಗೆ]]’ ಎಂದು ಎರಡೆರಡು ಸಲ ಬರೆಯಬೇಕು. ಪ್ರತಿ ವಾಕ್ಯಕ್ಕೂ ಹೀಗೆ ಮಾಡಬೇಕೆಂದರೆ ಬರೆಯುವವರು ಕೊಂಡಿಯನ್ನೇ ಕೈಬಿಡುತ್ತಾರೆ.

ಇನ್ನೊಂದು ತೊಡಕು ಕಣ್ಣಿಗೇ ಬೀಳುವುದಿಲ್ಲ. ‘ಹೊ’ ಎಂಬುದನ್ನು ಹಕಾರಕ್ಕೆ ಒಂದೇ ಒಕಾರದ ಚಿಹ್ನೆ ಹಚ್ಚಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆ ಹಚ್ಚಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಸಂಕೇತಗಳು ಬೇರೆ. ಕಡತದ ಹೆಸರು ಒಂದು ಬಗೆ, ಕೊಂಡಿ ಇನ್ನೊಂದು ಬಗೆಯಾದರೆ ಟಿಪ್ಪಣಿ ಇದ್ದೂ ಸಿಗದೇ ಹೋಗಬಹುದು.

ಆದ್ದರಿಂದ ಕನ್ನಡಕ್ಕೆಂದು ರೂಪಿಸುವ ವಿನ್ಯಾಸ ಮೊದಲು ಎಲ್ಲ ಹೆಸರುಗಳನ್ನೂ ಯೂನಿಕೋಡ್‌ನ ಒಂದೇ ಪ್ರಮಾಣಿತ ರೂಪಕ್ಕೆ ತರಬೇಕು. ಟಿಪ್ಪಣಿಯ ತಲೆಯಲ್ಲಿ ‘ಹೊಳೆಬಾಗಿಲಿಗೆ, ಹೊಳೆಬಾಗಿಲಿನ, ಹೊಳೆಬಾಗಿಲಲ್ಲಿ’ ಎಂಬ ರೂಪಗಳಿಗೊಂದು ಸಾಲು ಇರಬೇಕು. ಆ ಸಾಲನ್ನು ತಂತ್ರಾಂಶವೇ ತುಂಬಿಕೊಡಲಿ, ಬರೆಯುವವರು ಬೇಕಾದಂತೆ ತಿದ್ದಿಕೊಳ್ಳಲಿ.