ಪ್ರತಿ ಆಗಸ್ಟಿನ ತಿದ್ದುಪಡಿ

1972ರ ಪೋರ್ಷೆ 911 ಕಾರಿನ ಬಲಬದಿಯಲ್ಲಿ, ಬಾಗಿಲಿನ ಹಿಂದೆ, ಒಂದು ಪುಟ್ಟ ಮುಚ್ಚಳವಿತ್ತು. ತೆರೆದರೆ ಒಳಗೆ ಎಂಜಿನ್ ಆಯಿಲ್ ತುಂಬುವ ಬಾಯಿ. ಪೆಟ್ರೋಲ್ ಹಾಕುವ ಜಾಗ ಇದ್ದದ್ದು ಎಡಬದಿಯ ಮುಂದಿನ ಮಡ್‌ಗಾರ್ಡಿನಲ್ಲಿ. ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವವರಿಗೆ ಇದು ಹೇಗೆ ಗೊತ್ತಾಗಬೇಕು? ಅವರು ಕಂಡ ಬಹುಪಾಲು ಕಾರುಗಳಲ್ಲಿ ಹಿಂದಿನ ಚಕ್ರದ ಹತ್ತಿರದ ಮುಚ್ಚಳ ಎಂದರೆ ಪೆಟ್ರೋಲಿನದೇ. ಹಾಗಾಗಿ ಕೆಲವು ಕಡೆ ಆಯಿಲ್ ಟ್ಯಾಂಕಿಗೇ ಪೆಟ್ರೋಲ್ ಬಿತ್ತು. 1973ರ ಮಾದರಿ ಬಂದಾಗ ಮುಚ್ಚಳ ಮಾಯವಾಗಿತ್ತು, ಆಯಿಲ್ ಟ್ಯಾಂಕ್ ಹಳೆಯ ಜಾಗಕ್ಕೆ ಮರಳಿತ್ತು. ಆ ಒಂದೇ ವರ್ಷದ ಕಾರನ್ನು ಇವತ್ತು ಸಂಗ್ರಾಹಕರು ಆ ಮುಚ್ಚಳದಿಂದಲೇ ಗುರುತಿಸುತ್ತಾರೆ, ಅದಕ್ಕಾಗಿಯೇ ಹುಡುಕಿಕೊಂಡೂ ಹೋಗುತ್ತಾರೆ.

ಟ್ಯಾಂಕನ್ನು ಮೊದಲು ಸರಿಸಿದ್ದಾದರೂ ಏಕೆ? ಹಿಂದಿನ ಚಕ್ರದ ಹಿಂಬದಿಯಲ್ಲಿದ್ದ ಭಾರವನ್ನು ಒಂದಿಷ್ಟು ಮುಂದಕ್ಕೆ ತರುವುದಕ್ಕೆ. ಈ ಕಾರಿನ ಅರವತ್ತು ವರ್ಷಗಳ ಚರಿತ್ರೆಯಲ್ಲಿ ಅರ್ಧದಷ್ಟಾದರೂ ಈ ಒಂದು ಕೆಲಸಕ್ಕೆ ಸೇರಿದ್ದು. ಕಾರಿನ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ತೂಗಾಡುತ್ತದೆ. ಅಲ್ಲಿಂದ ಅದನ್ನು ತೆಗೆಯಲು ಸ್ಟುಟ್‌ಗಾರ್ಟ್‌ನ ಎಂಜಿನಿಯರುಗಳಿಗೆ ಮನಸ್ಸಿರಲಿಲ್ಲ. ಅಲ್ಲೇ ಬಿಟ್ಟರೆ ತೊಂದರೆ ತಪ್ಪುತ್ತಿರಲಿಲ್ಲ.

ಎಂಜಿನ್ ಅಲ್ಲಿಗೆ ಬಂದದ್ದು ವಂಶಪಾರಂಪರ್ಯವಾಗಿ. ಫರ್ಡಿನಾಂಡ್ ಪೋರ್ಷೆ ರೂಪಿಸಿದ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಎಂಜಿನ್ ಹಿಂದಿತ್ತು. ಮಗ ಫೆರಿ ಪೋರ್ಷೆ ಬೀಟಲ್‌ನ ಬಿಡಿಭಾಗಗಳನ್ನೇ ಬಳಸಿ ಶುರುಮಾಡಿದ 356ರಲ್ಲೂ ಹಾಗೆಯೇ. ಮೊಮ್ಮಗ ಫರ್ಡಿನಾಂಡ್ ಅಲೆಕ್ಸಾಂಡರ್ ಆಕಾರ ಕೊಟ್ಟ ಹೊಸ ಕಾರು 1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಬಂದಾಗ, ಎರಡು ಲೀಟರಿನ, ಆರು ಸಿಲಿಂಡರಿನ, ಗಾಳಿಯಿಂದಲೇ ತಣ್ಣಗಾಗುವ ಅದರ ಎಂಜಿನ್ ಕೂಡ ಬೆನ್ನ ಹಿಂದೆಯೇ ಕೂತಿತ್ತು. ಆಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತನಗೆ ಸೇರಿದ್ದೆಂದು ಫ್ರಾನ್ಸಿನ ಪ್ಯೂಜೋ ತಕರಾರು ತೆಗೆದದ್ದರಿಂದ ಸೊನ್ನೆಯ ಜಾಗಕ್ಕೆ ಒಂದು ಬಂತು. ಬಿಡಿಭಾಗಗಳ ಸಂಖ್ಯೆ ಮಾತ್ರ ಎಷ್ಟೋ ವರ್ಷ 901 ಎಂದೇ ಶುರುವಾಗುತ್ತಿತ್ತು. ಮಾತಿನಲ್ಲಿ ಅಳಿದುಹೋದ ಅಕ್ಷರ ಬರವಣಿಗೆಯಲ್ಲಿ ಉಳಿದುಕೊಳ್ಳುವಂತೆ.

ಸೈಕಲ್ಲಿನ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಕಟ್ಟಿಕೊಂಡು ತಿರುವಿನಲ್ಲಿ ಹೋದವರಿಗೆ 911ರ ಸ್ವಭಾವವನ್ನು ಬೇರೆ ವಿವರಿಸಬೇಕಿಲ್ಲ. ನೇರ ರಸ್ತೆಯಲ್ಲಿ ಹಿಂದಿನ ಭಾರ ಒಳ್ಳೆಯದೇ: ಚಕ್ರ ನೆಲಕ್ಕೆ ಒತ್ತಿಕೊಂಡು ಕಾರು ಚಿಮ್ಮುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲಿ, ಹಿಂದಿನ ಚಕ್ರಗಳ ಹಿಡಿತ ತಪ್ಪಿ, ಬಾಲ ಬೀಸುತ್ತದೆ. ಹೆದರಿದವನು ಸಹಜವಾಗಿ ಮಾಡುವ ಕೆಲಸವೇ ಅಪಾಯದ ಕೆಲಸ. ಇದಕ್ಕೆ ಕಂಪನಿ ಕಂಡುಕೊಂಡ ಮೊದಲ ಉಪಾಯ ಸ್ವಲ್ಪ ನಗು ತರಿಸುವಂಥದ್ದು. ಆರಂಭದ ವರ್ಷಗಳ ಕಾರುಗಳಲ್ಲಿ ಮುಂದಿನ ಬಂಪರಿನ ಎರಡೂ ತುದಿಗಳಲ್ಲಿ ಸುಮಾರು 11 ಕೆ.ಜಿ. ತೂಕದ ಲೋಹದ ಗಟ್ಟಿಗಳನ್ನು ಬಚ್ಚಿಟ್ಟರು. ಹಗುರವಾಗಿರಬೇಕಾದ ಸ್ಪೋರ್ಟ್ಸ್ ಕಾರಿಗೆ, ತಕ್ಕಡಿ ಸರಿದೂಗಿಸಲು ಇಡುವ ಕಲ್ಲಿನಂತೆ, ಬರೀ ಭಾರ.

ಕಾರ್ಖಾನೆಯ ಬೇಸಿಗೆ ರಜೆ ಮುಗಿದು ಆಗಸ್ಟಿನಲ್ಲಿ ಮತ್ತೆ ಕೆಲಸ ಹತ್ತಿದಾಗ ಮುಂದಿನ ವರ್ಷದ ಮಾದರಿ ಹೊರಬರುವುದು ಈ ಉದ್ಯಮದ ಪದ್ಧತಿ. 1968ರ ಮಾದರಿಯಿಂದ ಪೋರ್ಷೆ ಒಂದೊಂದು ವರ್ಷಕ್ಕೆ ಒಂದೊಂದು ಅಕ್ಷರ ಕೊಟ್ಟಿತು: ಎ, ಬಿ, ಸಿ, ಡಿ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಕಾರು. 1969ರ 'ಬಿ' ಸರಣಿಯಲ್ಲಿ ನಡೆದದ್ದು ನಿಜವಾದ ಶಸ್ತ್ರಚಿಕಿತ್ಸೆ. ಎಂಜಿನ್ನನ್ನು ಮುಂದಕ್ಕೆ ತರಲಾಗದಿದ್ದರೆ ಚಕ್ರವನ್ನು ಹಿಂದಕ್ಕೆ ಒಯ್ಯೋಣ ಎಂದು ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಸರಿಸಿದರು. ಎರಡೂ ಆಕ್ಸಲ್‌ಗಳ ನಡುವಿನ ಅಂತರ 2,211ರಿಂದ 2,268 ಮಿಲಿಮೀಟರಿಗೆ ಏರಿತು. ಬಂಪರಿನ ಗಟ್ಟಿಗಳ ಅಗತ್ಯ ಇಲ್ಲವಾಯಿತು. ಒಂದು ದೊಡ್ಡ ಬ್ಯಾಟರಿಯ ಬದಲು ಎರಡು ಚಿಕ್ಕ ಬ್ಯಾಟರಿಗಳನ್ನು ಮುಂದಿನ ಎರಡು ಮೂಲೆಗಳಲ್ಲಿ ಇಟ್ಟರು. ಅದೇ ಭಾರ, ಆದರೆ ಈ ಸಲ ಕೆಲಸಕ್ಕೆ ಬರುವ ಭಾರ. ನಾಲ್ಕು ಬೆರಳಗಲಕ್ಕಿಂತ ಕಡಿಮೆಯ ಈ ಸರಿತ 911ರ ಚರಿತ್ರೆಯ ಅತಿ ಮುಖ್ಯ ಬದಲಾವಣೆ ಎಂದರೆ ತಪ್ಪಾಗಲಾರದು. ಕಂಡವರು ಕಡಿಮೆ.

ಎಂಜಿನ್ ಬೆಳೆಯುತ್ತ ಹೋಯಿತು. 1970ರಲ್ಲಿ 2.2 ಲೀಟರ್, 1972ರಲ್ಲಿ 2.4. ಅದೇ 1972ರಲ್ಲಿ ಆಯಿಲ್ ಮುಚ್ಚಳದ ಪ್ರಸಂಗ ನಡೆದದ್ದು. ಆ ವರ್ಷದ ಕೊನೆಗೆ ಬಂದ ಕರೇರಾ ಆರ್‌ಎಸ್ 2.7ರಲ್ಲಿ ಗಾಳಿಯನ್ನೂ ಕೆಲಸಕ್ಕೆ ಹಚ್ಚಿದರು. ವೇಗ ಹೆಚ್ಚಿದಂತೆ 911ರ ಇಳಿಜಾರು ಬೆನ್ನು ಗಾಳಿಯಲ್ಲಿ ಮೇಲೇಳಲು ನೋಡುತ್ತಿತ್ತು. ಎಂಜಿನ್ ಮುಚ್ಚಳದ ಮೇಲೆ ಬಾತುಕೋಳಿಯ ಬಾಲದಂಥ ಏರು ಕೂರಿಸಿದಾಗ ಅದು ತಗ್ಗಿತು. ರೇಸಿನ ನಿಯಮದ ಪ್ರಕಾರ 500 ಕಾರು ಮಾಡಿದ್ದರೆ ಸಾಕಿತ್ತು. ಮಾರಾಟ ವಿಭಾಗದವರಿಗೆ ಅಷ್ಟು ಮಾರುವ ನಂಬಿಕೆಯೂ ಇರಲಿಲ್ಲ. ಕೊನೆಗೆ ತಯಾರಾದದ್ದು 1,580.

ಎಲ್ಲ ಬದಲಾವಣೆಯೂ ಎಂಜಿನಿಯರುಗಳ ಆಸೆಯಿಂದ ಬಂದದ್ದಲ್ಲ. ಗಂಟೆಗೆ 5 ಮೈಲಿ ವೇಗದಲ್ಲಿ ಡಿಕ್ಕಿಯಾದರೆ ಕಾರಿಗೆ ಪೆಟ್ಟಾಗಬಾರದು ಎಂದು ಅಮೆರಿಕ ಕಾನೂನು ಮಾಡಿತು. ಆಗ ಎಷ್ಟೋ ಕಂಪನಿಗಳು ಒಳ್ಳೆಯ ಮುಖಗಳಿಗೆ ರೈಲ್ವೆ ಕಂಬಿಯಂಥ ಬಂಪರ್ ಜೋಡಿಸಿ ಕೈತೊಳೆದುಕೊಂಡವು. 1974ರ 'ಜಿ' ಸರಣಿಯ 911ರಲ್ಲಿ ಬಂಪರು ದೇಹದ ಬಣ್ಣದ್ದೇ ಆಗಿ, ಅದರ ಅಂಚಿನಲ್ಲಿ ಹಾರ್ಮೋನಿಯಂ ತಿದಿಯಂಥ ಕಪ್ಪು ರಬ್ಬರಿನ ಮಡಿಕೆ ಬಂತು. ಬಂಪರ್ ಒಳಸರಿದರೆ ಮಡಿಕೆ ಮುದುಡುತ್ತದೆ, ಅಷ್ಟೆ. ಬಲವಂತಕ್ಕೆ ಮಾಡಿದ ಕೆಲಸ ಇಷ್ಟು ಚೆನ್ನಾಗಿ ಬಂದದ್ದು ಅಪರೂಪ. ಮುಂದಿನ ವರ್ಷಗಳಿಗೆ ಬೇರೆ ಅಕ್ಷರಗಳು ಬಂದರೂ 1989ರವರೆಗಿನ ಕಾರುಗಳಿಗೆಲ್ಲ 'ಜಿ' ಎಂಬ ಹೆಸರೇ ಅಂಟಿಕೊಂಡಿತು. 1976ರಲ್ಲಿ ತುಕ್ಕು ಹಿಡಿಯದಂತೆ ಕಾರಿನ ಮೈಗೆ ಪೂರ್ತಿ ಸತುವಿನ ಲೇಪ ಬಂತು. 1978ರ ಎಸ್‌ಸಿ ಮಾದರಿಯಲ್ಲಿ, ಶಾಖಕ್ಕೆ ಸೋಲುತ್ತಿದ್ದ ಮೆಗ್ನೀಸಿಯಂ ಎಂಜಿನ್ ಕವಚದ ಜಾಗಕ್ಕೆ ಅಲ್ಯೂಮಿನಿಯಂ ಬಂತು. ಇವತ್ತಿಗೂ ಇಷ್ಟೊಂದು ಹಳೆಯ 911ಗಳು ರಸ್ತೆಯ ಮೇಲಿರುವುದಕ್ಕೆ ಈ ಎರಡು ಸಪ್ಪೆ ಸಂಗತಿಗಳ ಕೊಡುಗೆ ದೊಡ್ಡದು.

ಆ ಹೊತ್ತಿಗೆ ಕಂಪನಿ ಈ ಕಾರಿನ ಸಾವಿನ ದಿನ ಗೊತ್ತುಮಾಡಿಯಾಗಿತ್ತು. ಮುಖ್ಯಸ್ಥ ಎರ್ನ್ಸ್ಟ್ ಫೂರ್‌ಮಾನ್ ಸ್ವತಃ ಒಳ್ಳೆಯ ಎಂಜಿನಿಯರು. ಗಾಳಿಯಿಂದ ತಣಿಯುವ, ಹಿಂದೆ ಕೂತ ಎಂಜಿನ್ನಿಗೆ ಭವಿಷ್ಯವಿಲ್ಲ ಎಂಬ ಅವರ ಲೆಕ್ಕಾಚಾರದಲ್ಲಿ ತರ್ಕದೋಷ ಹುಡುಕುವುದು ಕಷ್ಟ. ಶಬ್ದದ ನಿಯಮ, ಹೊಗೆಯ ನಿಯಮ, ಡಿಕ್ಕಿಯ ನಿಯಮ, ಎಲ್ಲವೂ ಬಿಗಿಯಾಗುತ್ತಿದ್ದವು. 1977ರಲ್ಲಿ ಬಂದ 928ರಲ್ಲಿ ಎಂಜಿನ್ ಮುಂದಿತ್ತು, ಅದಕ್ಕೆ ನೀರಿನ ತಣಿವಿತ್ತು, ಎಂಟು ಸಿಲಿಂಡರ್ ಇದ್ದವು. 1978ರ ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿಯೂ ಅದಕ್ಕೆ ಸಿಕ್ಕಿತು. ಇತ್ತ 911ಕ್ಕೆ ತಿದ್ದುಪಡಿಗಳು ವಿರಳವಾದವು. ಸಾಯುವ ಕಾರಿನ ಮೇಲೆ ಯಾರು ದುಡ್ಡು ಹಾಕುತ್ತಾರೆ? ಗ್ರಾಹಕರು ಮಾತ್ರ ಹಳೆಯದನ್ನೇ ಕೇಳುತ್ತಿದ್ದರು.

1981ರ ಜನವರಿಯಲ್ಲಿ ಫೂರ್‌ಮಾನ್ ಜಾಗಕ್ಕೆ ಪೀಟರ್ ಶುಟ್ಸ್ ಬಂದರು. ಬರ್ಲಿನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಅವರು ಮುಂದೆ ಹಲವು ಸಲ ಹೇಳಿಕೊಂಡ ಪ್ರಸಂಗ ಇದು. ಅಭಿವೃದ್ಧಿ ವಿಭಾಗದ ಮುಖ್ಯಸ್ಥ ಹೆಲ್ಮುಟ್ ಬಾಟ್ ಅವರ ಕೋಣೆಯ ಗೋಡೆಯಲ್ಲಿ ಒಂದು ನಕ್ಷೆ ತೂಗುಹಾಕಿತ್ತು. 928 ಮತ್ತು 944ರ ಗೆರೆಗಳು ಮುಂದಿನ ವರ್ಷಗಳತ್ತ ಹೋಗಿದ್ದವು. 911ರ ಗೆರೆ 1981ರಲ್ಲೇ ನಿಂತಿತ್ತು. ಶುಟ್ಸ್ ಒಂದು ಮಾರ್ಕರ್ ತೆಗೆದುಕೊಂಡು ಆ ಗೆರೆಯನ್ನು ಎಳೆಯುತ್ತ ಹೋಗಿ, ಕಾಗದ ಮುಗಿದ ಮೇಲೂ ಗೋಡೆಯ ಮೇಲೆ ಮುಂದುವರಿಸಿದರು. ಮೊದಲ ಎಂಟು ವರ್ಷ ಆಗಸ್ಟ್ ಬಂದಾಗಲೆಲ್ಲ ಒಂದಲ್ಲ ಒಂದನ್ನು ತಿದ್ದುತ್ತಿದ್ದ ಕೈಗಳಿಗೆ ಮತ್ತೆ ಕೆಲಸ ಸಿಕ್ಕಿತು. 1983ಕ್ಕೆ ಕ್ಯಾಬ್ರಿಯೊಲೆ, 1984ಕ್ಕೆ 3.2 ಲೀಟರಿನ ಕರೇರಾ. 1989ಕ್ಕೆ 964 ಎಂಬ ಒಳಸಂಖ್ಯೆಯ ಕಾರು. ಅದರಲ್ಲಿ ಶೇ. 85ರಷ್ಟು ಭಾಗಗಳು ಹೊಸವೆಂದು ಕಂಪನಿ ಹೇಳಿತು: ನಾಲ್ಕೂ ಚಕ್ರಗಳಿಗೆ ಶಕ್ತಿ, ಪವರ್ ಸ್ಟೇರಿಂಗ್, ವೇಗ ಏರಿದಾಗ ತಾನಾಗಿ ಎದ್ದುನಿಲ್ಲುವ ಹಿಂಬದಿಯ ಸ್ಪಾಯ್ಲರ್. ನೆರಳು ಮಾತ್ರ ಹಳೆಯ ಕಾರಿನದೇ. ಹೊಸತೆಲ್ಲವನ್ನೂ ಅಡಗಿಸಿಟ್ಟದ್ದಕ್ಕೋ ಏನೋ, ಅದಕ್ಕೆ ಸಿಗಬೇಕಾದ ಮೆಚ್ಚುಗೆ ಬಹುಕಾಲ ಸಿಗಲಿಲ್ಲ.

ಗಾಳಿಯ ಕಾಲ ಮುಗಿದದ್ದು 1998ರಲ್ಲಿ, 993ರೊಂದಿಗೆ. ಸಿಲಿಂಡರಿಗೆ ನಾಲ್ಕು ವಾಲ್ವ್ ಇಟ್ಟು ಶಕ್ತಿ ಹೆಚ್ಚಿಸಬೇಕು, ಹೊಗೆ ತಗ್ಗಿಸಬೇಕು ಎಂದರೆ ಗಾಳಿಯ ತಣಿವು ಸಾಲುತ್ತಿರಲಿಲ್ಲ. ಕಂಪನಿಯ ಕೈಯೂ ಖಾಲಿಯಾಗುತ್ತ ಬಂದಿತ್ತು. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ 50 ಸಾವಿರ ದಾಟಿದ್ದ ಮಾರಾಟ 1990ರ ದಶಕದ ಆರಂಭದಲ್ಲಿ 20 ಸಾವಿರಕ್ಕಿಂತ ಕೆಳಗಿಳಿದಿತ್ತು. ಹಾಗಾಗಿ 1997ರಲ್ಲಿ ಬಂದ, ನೀರಿನ ತಣಿವಿನ 996 ತನ್ನ ಮುಂಭಾಗದ ಬಹಳಷ್ಟನ್ನು ಅಗ್ಗದ ಬಾಕ್ಸ್‌ಸ್ಟರ್ ಜೊತೆ ಹಂಚಿಕೊಂಡಿತು. ಇಂಡಿಕೇಟರನ್ನೂ ಒಳಗೊಂಡ ಅದರ ಹೆಡ್‌ಲೈಟುಗಳನ್ನು ಕಂಡು, ಹಳದಿ ಒಡೆದು ಹರಿದ ಹಾಫ್‌ಬಾಯಿಲ್ ಮೊಟ್ಟೆ ಎಂದು ಅಭಿಮಾನಿಗಳು ಗೇಲಿ ಮಾಡಿದರು. ಎಂಜಿನ್ನಿನೊಳಗಿನ ಒಂದು ಬೇರಿಂಗ್ ಸವೆದು ಇಡೀ ಎಂಜಿನ್ನೇ ಹಾಳಾದ ಪ್ರಕರಣಗಳು ಅಮೆರಿಕದಲ್ಲಿ ಕೋರ್ಟು ಹತ್ತಿದವು. ಆದರೂ ಬಾಕ್ಸ್‌ಸ್ಟರ್ ಮತ್ತು ಈ ಕಾರು ಸೇರಿಯೇ ಕಂಪನಿಯನ್ನು ದಡ ಮುಟ್ಟಿಸಿದ್ದು. ಗಾಳಿ ತಣಿವಿನದ್ದೇ ಅಸಲಿ 911 ಎನ್ನುವವರು ಈ ಋಣವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ಮೇಲಿನ ತಿದ್ದುಪಡಿಗಳಲ್ಲಿ ಹಳೆಯವೂ ಮರುಕಳಿಸಿದವು. 2004ರ 997ರಲ್ಲಿ ದುಂಡನೆಯ ದೀಪಗಳು ಮರಳಿದವು. 2009ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಆ ಬೇರಿಂಗೂ ಇಲ್ಲ, ಅದು ಹೊತ್ತ ಶಾಫ್ಟೂ ಇಲ್ಲ. 2011ರ 991ರಲ್ಲಿ ಆಕ್ಸಲ್‌ಗಳ ನಡುವಿನ ಅಂತರವನ್ನು 100 ಮಿಲಿಮೀಟರ್ ಹಿಗ್ಗಿಸಿದರು. ಗೇರ್‌ಬಾಕ್ಸನ್ನು ಮರುವಿನ್ಯಾಸ ಮಾಡಿ, ಎಂಜಿನ್ನಿಗೆ ಹೋಲಿಸಿದರೆ ಹಿಂದಿನ ಚಕ್ರಗಳನ್ನು ಮತ್ತೆ ಹಿಂದಕ್ಕೆ ತಂದರು. 1969ರ 'ಬಿ' ಸರಣಿಯವರು ಮಾಡಿದ್ದೂ ಇದನ್ನೇ. ನಡುವೆ ನಲವತ್ತೆರಡು ವರ್ಷ ಕಳೆದಿತ್ತು. 2017ರ ಮೇ ತಿಂಗಳಲ್ಲಿ ಹತ್ತು ಲಕ್ಷದ 911 ತಯಾರಾಯಿತು.

2024ರಲ್ಲಿ ಈಗಿನ 992ರ ಪರಿಷ್ಕೃತ ಮಾದರಿ ಬಂದಾಗ ಅದರ ಜಿಟಿಎಸ್‌ಗೆ ಮೊದಲ ಬಾರಿ ಹೈಬ್ರಿಡ್ ವ್ಯವಸ್ಥೆ ಸೇರಿತು, ಸುಮಾರು 50 ಕೆ.ಜಿ. ಭಾರವೂ ಸೇರಿತು. ದೊಡ್ಡ ಬ್ಯಾಟರಿಯನ್ನು ಇಟ್ಟದ್ದು ಮುಂದೆ. ಅಭಿಮಾನಿಗಳು ಗಲಾಟೆ ಮಾಡಿದ್ದು ಬೇರೆ ಕಾರಣಕ್ಕೆ. ಡ್ಯಾಶ್‌ಬೋರ್ಡಿನ ನಡುವೆ 1963ರಿಂದ ಇದ್ದ ಮುಳ್ಳಿನ ಮೀಟರ್ ಹೋಗಿ ಪರದೆ ಬಂದಿದೆ. ಕೀಲಿಯಂತೆ ತಿರುಗಿಸಿ ಎಂಜಿನ್ ಹಚ್ಚುವ ರೂಢಿಯೂ ಹೋಗಿ ಗುಂಡಿ ಬಂದಿದೆ. ಹಳೆಯ ರೇಸುಗಳಲ್ಲಿ ಚಾಲಕರು ಓಡಿಬಂದು ಕಾರು ಹತ್ತಬೇಕಿದ್ದಾಗ ಎಡಗೈಯಲ್ಲಿ ಕೀಲಿ ತಿರುಗಿಸಿ ಬಲಗೈಯಲ್ಲಿ ಗೇರ್ ಹಾಕಲೆಂದು ಕೀಲಿಯನ್ನು ಸ್ಟೇರಿಂಗಿನ ಎಡಕ್ಕೆ ಇಟ್ಟರು ಎಂಬ ಮಾತಿದೆ. ಗುಂಡಿ ಇರುವುದೂ ಎಡಕ್ಕೇ.