ಸಮುದಾಯ ಆರೋಗ್ಯ ಶುಶ್ರೂಷೆಯ ಸ್ನಾತಕೋತ್ತರ ಶಿಕ್ಷಣ

ಸಮುದಾಯ ಆರೋಗ್ಯ ಶುಶ್ರೂಷೆಯ ಸ್ನಾತಕೋತ್ತರ ಶಿಕ್ಷಣವು, ಆಸ್ಪತ್ರೆಯ ವಾರ್ಡುಗಳಲ್ಲಿ ಅನುಭವ ಪಡೆದ ಶುಶ್ರೂಷಕರನ್ನು ಮನೆ, ಶಾಲೆ ಹಾಗೂ ಗ್ರಾಮಗಳ ಮಟ್ಟದ ಆರೋಗ್ಯ ಕಾರ್ಯಕ್ಕೆ ಸಿದ್ಧಗೊಳಿಸುವ ಉನ್ನತ ವ್ಯಾಸಂಗವಾಗಿದೆ. ಆಸ್ಪತ್ರೆಯಲ್ಲಿ ಶುಶ್ರೂಷಕಿಯ ಗಮನ ಒಬ್ಬ ರೋಗಿಯ ಮೇಲಿದ್ದರೆ, ಇಲ್ಲಿ ಅದು ಕುಟುಂಬ ಮತ್ತು ಊರಿನ ಮೇಲಿರುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಎಂ.ಎಸ್ಸಿ. ನರ್ಸಿಂಗ್ ಮತ್ತು ಸಾರ್ವಜನಿಕ ಆರೋಗ್ಯ ಸ್ನಾತಕೋತ್ತರ ಪದವಿ (ಎಂ.ಪಿ.ಎಚ್.) ಎಂಬ ಎರಡು ಮುಖ್ಯ ಮಾರ್ಗಗಳಿವೆ.

ಹಿನ್ನೆಲೆ

1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು, ಚಿಕಿತ್ಸೆ ಮತ್ತು ರೋಗತಡೆ ಎರಡೂ ಒಂದೇ ಕೇಂದ್ರದಲ್ಲಿ ಜನರಿಗೆ ದೊರೆಯಬೇಕೆಂದು ಶಿಫಾರಸು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ಬೆಳೆದುದು ಈ ವರದಿಯಿಂದ. ಸಾರ್ವಜನಿಕ ಆರೋಗ್ಯ ಶುಶ್ರೂಷಕರ ಅಗತ್ಯವನ್ನೂ ಸಮಿತಿ ಒತ್ತಿ ಹೇಳಿತ್ತು. ಶುಶ್ರೂಷಾ ಶಿಕ್ಷಣದಲ್ಲಿ ಏಕರೂಪತೆ ತರಲು 1947ರ ಕಾಯ್ದೆಯನ್ವಯ ಭಾರತೀಯ ಶುಶ್ರೂಷಾ ಪರಿಷತ್ತು ರಚನೆಯಾಯಿತು.

ಎಂ.ಎಸ್ಸಿ. ನರ್ಸಿಂಗ್

ಇದು ಎರಡು ವರ್ಷಗಳ ವ್ಯಾಸಂಗ. ಸಮುದಾಯ ಆರೋಗ್ಯವು ಇದರ ಐದು ವಿಶೇಷ ವಿಭಾಗಗಳಲ್ಲೊಂದು. ಪರಿಷತ್ತಿನ ನಿಯಮದಂತೆ ಅಭ್ಯರ್ಥಿಯು ನೋಂದಾಯಿತ ಶುಶ್ರೂಷಕರಾಗಿದ್ದು, ಬಿ.ಎಸ್ಸಿ. ನರ್ಸಿಂಗ್ ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಪದವಿಯಲ್ಲಿ ಶೇ. 55 ಅಂಕಗಳನ್ನೂ ಒಂದು ವರ್ಷದ ಸೇವಾನುಭವವನ್ನೂ ಹೊಂದಿರಬೇಕು. ಮೊದಲ ವರ್ಷ ಶುಶ್ರೂಷಾ ಶಿಕ್ಷಣ, ಉನ್ನತ ಶುಶ್ರೂಷಾ ವೃತ್ತಿ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರವನ್ನೂ, ಎರಡನೆಯ ವರ್ಷ ಶುಶ್ರೂಷಾ ನಿರ್ವಹಣೆಯನ್ನೂ ಬೋಧಿಸಲಾಗುತ್ತದೆ. ವಿಶೇಷ ವಿಷಯದ ಅಧ್ಯಯನ ಎರಡೂ ವರ್ಷಗಳಲ್ಲಿರುತ್ತದೆ. ಕೊನೆಗೆ ಪ್ರಬಂಧ ಸಲ್ಲಿಸಬೇಕು. ರಾಜ್ಯದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಸಂಯೋಜನೆ ನೀಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿ ಸ್ಥಾಪನೆಯಾಯಿತು.

ಎಂ.ಪಿ.ಎಚ್.

ಎರಡು ವರ್ಷಗಳ ಈ ಪದವಿಗೆ ಶುಶ್ರೂಷಕರಲ್ಲದೆ ಇತರ ಪದವೀಧರರೂ ಸೇರಬಹುದು. ಸಾಂಕ್ರಾಮಿಕ ರೋಗಶಾಸ್ತ್ರ, ಸಂಖ್ಯಾಶಾಸ್ತ್ರ, ಆರೋಗ್ಯ ನೀತಿ ಮತ್ತು ಕಾರ್ಯಕ್ರಮ ನಿರ್ವಹಣೆ ಇದರ ಮುಖ್ಯ ವಿಷಯಗಳು. ಗದಗಿನಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಈ ಪದವಿಯನ್ನು ನೀಡುತ್ತದೆ.

ಸಮುದಾಯ ಆರೋಗ್ಯ ಅಧಿಕಾರಿ

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾರ್ಪಡಿಸಲಾಯಿತು. 2023ರಿಂದ ಇವು ಆಯುಷ್ಮಾನ್ ಆರೋಗ್ಯ ಮಂದಿರಗಳು. ಬಯಲುಸೀಮೆಯಲ್ಲಿ ಸುಮಾರು 5,000 ಜನಸಂಖ್ಯೆಗೆ ಒಂದು ಉಪಕೇಂದ್ರವಿರಬೇಕೆಂಬುದು ನಿಯಮ. ಇಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಗೆ ಸ್ನಾತಕೋತ್ತರ ಪದವಿ ಕಡ್ಡಾಯವಲ್ಲ. ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ಸರ್ಟಿಫಿಕೇಟ್ ತರಬೇತಿ ಪಡೆದ, ಅಥವಾ ಆ ಪಠ್ಯ ಒಳಗೊಂಡ ಬಿ.ಎಸ್ಸಿ. ಮುಗಿಸಿದ ಶುಶ್ರೂಷಕರು ಈ ಕಾರ್ಯ ನಿರ್ವಹಿಸುತ್ತಾರೆ. 30 ವರ್ಷ ಮೀರಿದವರಲ್ಲಿ ರಕ್ತದೊತ್ತಡ, ಮಧುಮೇಹ ಮತ್ತು ಕೆಲವು ಬಗೆಯ ಕ್ಯಾನ್ಸರ್‌ಗಳ ತಪಾಸಣೆ ಅವರ ಹೊಣೆಗಳಲ್ಲೊಂದು. ಆಶಾ ಕಾರ್ಯಕರ್ತೆಯರು ಅವರ ತಂಡದಲ್ಲಿರುತ್ತಾರೆ.

ಮುಂಡರಗಿ: ಒಂದು ನಿದರ್ಶನ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಅಧಿಕವಾಗಿದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಂ ಇದರ ಮಿತಿ. ಬಾಲ್ಯದಲ್ಲಿ ಮಿತಿಮೀರಿ ಸೇವಿಸಿದರೆ ಹಲ್ಲುಗಳ ಮೇಲೆ ಅಳಿಯದ ಕಲೆಗಳು ಮೂಡುತ್ತವೆ. ದೀರ್ಘಕಾಲದ ಸೇವನೆಯಿಂದ ಕೀಲುಗಳು ಬಿಗಿದು, ತೀವ್ರವಾದಾಗ ಬೆನ್ನು ಬಾಗುತ್ತದೆ. ಹೀಗೆ ಬಿಗಿದ ಮೂಳೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ರೋಗತಡೆಯೇ ಮುಖ್ಯ ಉಪಾಯ.

ಆಸ್ಪತ್ರೆಗೆ ಬಂದ ವೃದ್ಧರಿಗೆ ನೋವಿನ ಮಾತ್ರೆ ದೊರೆಯಬಹುದು; ಅದೇ ಕೊಳವೆಬಾವಿಯ ನೀರು ಮೊಮ್ಮಗುವಿನ ಲೋಟದಲ್ಲೂ ಇದ್ದೇ ಇರುತ್ತದೆ. ಸಮುದಾಯ ಶುಶ್ರೂಷೆಯ ತರಬೇತಿ ಉಪಯುಕ್ತವಾಗುವುದು ಇಲ್ಲಿ. ಶಾಲಾ ಮಕ್ಕಳ ಹಲ್ಲುಗಳ ತಪಾಸಣೆ, ಮನೆಮನೆಯ ಸಮೀಕ್ಷೆ, ನೀರಿನ ಮೂಲಗಳ ಪಟ್ಟಿ, ಪರೀಕ್ಷೆಯ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಮುಂದಿಡುವುದು ಇದರ ಹಂತಗಳು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲವೆಂಬ ತಿಳಿವಳಿಕೆಯನ್ನು ತಾಯಂದಿರಿಗೆ ನೀಡುವುದೂ ಇದರ ಭಾಗವೇ.

ಉದ್ಯೋಗ ಮತ್ತು ಮಿತಿಗಳು

ಸಮುದಾಯ ಆರೋಗ್ಯದಲ್ಲಿ ಎಂ.ಎಸ್ಸಿ. ಪಡೆದವರಿಗೆ ನರ್ಸಿಂಗ್ ಕಾಲೇಜುಗಳ ಬೋಧಕ ಹುದ್ದೆಗಳು ಮುಖ್ಯ ಅವಕಾಶಗಳಾಗಿವೆ. ಗ್ರಾಮ ಮಟ್ಟದ ಹುದ್ದೆಗೆ ಈ ಪದವಿ ಬೇಕಿಲ್ಲದಿರುವುದರಿಂದ, ಹಳ್ಳಿಯಲ್ಲಿಯೇ ಸೇವೆ ಮುಂದುವರಿಸಲು ಬಯಸುವವರಿಗೆ ಉನ್ನತ ವ್ಯಾಸಂಗದಿಂದ ಹುದ್ದೆಯ ದೃಷ್ಟಿಯಲ್ಲಿ ಲಾಭ ಕಡಿಮೆ. ಊರಿನ ಆರೋಗ್ಯವನ್ನು ಅಧ್ಯಯನ ಮಾಡಿದವರು ತರಗತಿಗೆ ತೆರಳುವುದು, ಊರಿನಲ್ಲಿ ಉಳಿದವರಿಗೆ ಅಂತಹ ಅಧ್ಯಯನದ ಅವಕಾಶ ದೊರೆಯದಿರುವುದು ಈ ಶಿಕ್ಷಣಕ್ರಮದ ಪ್ರಮುಖ ಕೊರತೆಯಾಗಿದೆ.