ಗಾಯಾಳು ಕಣಕ್ಕಿಳಿಯಬೇಕೇ? ಗರಡಿಯಿಂದ ಮೈದಾನದವರೆಗೆ ಒಂದು ತಕರಾರಿನ ಚರಿತ್ರೆ

ಚಿತ್ರದುರ್ಗದ ಏಳುಸುತ್ತಿನ ಕೋಟೆ ಹತ್ತಿ ಹಿಡಿಂಬೇಶ್ವರನ ಗುಡಿಗೆ ಹೋದವರಿಗೆ ಊರವರು ಹೇಳುವ ಐತಿಹ್ಯವೊಂದಿದೆ. ಭೀಮನೂ ಹಿಡಿಂಬನೂ ತೊಡೆ ತಟ್ಟಿ ಸೆಣಸಿದ್ದು ಇದೇ ಬಂಡೆಗಳ ನಡುವೆ, ಹಿಡಿಂಬ ಮಣ್ಣು ಮುಕ್ಕಿದ್ದೂ ಇಲ್ಲೇ ಎನ್ನುತ್ತಾರೆ. ಪುರಾಣವನ್ನು ಪಕ್ಕಕ್ಕಿಟ್ಟರೂ ಕುಸ್ತಿಯ ಕುರುಹು ಕೋಟೆಯೊಳಗೆ ಕಣ್ಣಿಗೆ ಬೀಳುತ್ತದೆ. ನಾಯಕರ ಕಾಲದ್ದೆಂದು ತೋರಿಸುವ ಗರಡಿ ಮನೆ ಅಲ್ಲಿದೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದಮೇಲೆ ನಾಯಕರ ಆಳ್ವಿಕೆ ಮುಗಿಯಿತು, ಗರಡಿಯ ಚಟ ಮುಗಿಯಲಿಲ್ಲ. ಜಾತ್ರೆ ಬಂದರೆ ಕುಸ್ತಿ ಇರಬೇಕು ಎನ್ನುವ ಊರುಗಳು ಈ ಸೀಮೆಯಲ್ಲಿ ಇಂದಿಗೂ ಇವೆ.

ಗರಡಿ ಇದ್ದಲ್ಲಿ ಉಳುಕು, ಮುರಿತ ಇದ್ದದ್ದೇ. ನಾಳೆ ಪಂದ್ಯ, ಇವತ್ತು ಪೈಲ್ವಾನನ ಭುಜ ಜಾರಿದೆ. ಅವನನ್ನು ಅಖಾಡಕ್ಕೆ ಬಿಡಬೇಕೋ ಬೇಡವೋ? ಫುಟ್‌ಬಾಲ್ ಕ್ಲಬ್ಬುಗಳು ಋತುವಿನ ಮೊದಲ ಪಂದ್ಯಕ್ಕೆ ಮುಂಚೆ ತಲೆ ಕೆಡಿಸಿಕೊಳ್ಳುವ ಈ ಪ್ರಶ್ನೆ ಫುಟ್‌ಬಾಲಿಗಿಂತ ಹಳೆಯದು. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ಗಂಡೆದೆಯ ಕಥೆಗಳಾಗಿಯೇ ಹೇಳುತ್ತಾರೆ. ಆದರೆ ಆ ಕಥೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೆಯದೇ ಕಾಣುತ್ತದೆ: ಗಾಯಾಳು ಕಣಕ್ಕಿಳಿದದ್ದು ಬಹಳ ಸಲ ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸಲು ನಿಯಮ ಒಪ್ಪುತ್ತಿರಲಿಲ್ಲ ಎಂಬ ಕಾರಣಕ್ಕೆ.

ಕುಸ್ತಿಯಲ್ಲಂತೂ ಬದಲಿಯ ಮಾತೇ ಇಲ್ಲ. ಹಾಗಾಗಿ ಪಂದ್ಯಕ್ಕೆ ಮುಂಚೆಯೇ ಆಳನ್ನು ಅಳೆಯುವ ಪದ್ಧತಿ ಬೆಳೆಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಭಾಗವೇ ಒಂದಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವರ್ಗ ಮಾಡುವುದು, ಅವರ ಊಟ, ಅವರ ಸಾಧನೆ ಎಲ್ಲವೂ ಅದರಲ್ಲಿ ಬರುತ್ತದೆ. ಮೈಸೂರು ದಸರೆಯ ನಾಡಕುಸ್ತಿಗೆ ಮುಂಚೆ ಇಂದಿಗೂ ‘ಜೋಡಿ ಕಟ್ಟುವ’ ಕಾರ್ಯಕ್ರಮ ನಡೆಯುತ್ತದೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈ ನೋಡಿ, ಯಾರಿಗೆ ಯಾರು ಸಾಟಿ ಎಂದು ಹಿರಿಯರು ತೀರ್ಮಾನಿಸುತ್ತಾರೆ.

ಚಿತ್ರದುರ್ಗದ ನಾಯಕರು ಸಾಮಂತರಾಗಿ ನಡೆದುಕೊಂಡ ವಿಜಯನಗರದಲ್ಲಿ ಕುಸ್ತಿ ಎಷ್ಟು ಒರಟಾಗಿತ್ತು ಎಂಬುದಕ್ಕೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ ಸಾಕ್ಷಿ. ಮಹಾನವಮಿಯ ಕಾಳಗದಲ್ಲಿ ಹಲ್ಲು ಉದುರುತ್ತಿದ್ದವು, ಕಣ್ಣು ಹೋಗುತ್ತಿದ್ದವು, ಮಾತೇ ನಿಂತ ಜಟ್ಟಿಯನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು ಎಂದು ಅವನು ಬರೆದಿದ್ದಾನೆ. ಇಬ್ಬರನ್ನೂ ಸಮನಾಗಿ ನಿಲ್ಲಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರು ಎಂಬುದನ್ನೂ ಅವನು ಮರೆತಿಲ್ಲ. ಮೈಸೂರಿನ ಅರಸರು ಉಳಿಸಿಕೊಂಡು ಬಂದ ವಜ್ರಮುಷ್ಟಿ ಕಾಳಗ ತೀರ್ಪುಗಾರರ ಹಿಡಿತವನ್ನು ಇನ್ನೂ ಬಿಗಿ ಮಾಡಿತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಯಾಯುಧ ತೊಟ್ಟು ಎದುರಾಗುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ‘ಇನ್ನೊಂದು ಕೈ ನೋಡ್ತೀನಿ’ ಎನ್ನಲು ಜಟ್ಟಿಗೆ ಅವಕಾಶವೇ ಇಲ್ಲ.

ಹಳ್ಳಿಯ ಗರಡಿಯಲ್ಲಿ ಬೇಡ ಎನ್ನುವ ಅಧಿಕಾರ ಉಸ್ತಾದನದು. ಎಣ್ಣೆ, ಅರಿಶಿನ, ನಿಂಬೆರಸ, ಮಜ್ಜಿಗೆ ಕಲಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿಯ ಅಂಚಿನಲ್ಲಿ ಹುಡುಗನನ್ನು ಕೂರಿಸಿಕೊಂಡು, ಹೆಬ್ಬೆರಳಿನಿಂದ ಕೀಲು ಒತ್ತಿ, ಕೈಯನ್ನು ನಿಧಾನ ತಿರುವಿ, ಮುಖ ಎಲ್ಲಿ ಕಿವುಚುತ್ತದೆ ಎಂದು ನೋಡುವುದೇ ಅವನ ಸ್ಕ್ಯಾನು. ಉಳುಕಾದರೆ ಮಾಲೀಸು, ಮುರಿದಿದ್ದರೆ ಮೂಳೆ ಕಟ್ಟುವ ನಾಟಿ ವೈದ್ಯರ ಮನೆ. ಬಯಲುಸೀಮೆಯಿಂದ ಗಡಿ ದಾಟಿ ಆಂಧ್ರದ ಪುತ್ತೂರಿಗೆ ಹೋಗಿ ಬಿದಿರು ದಬ್ಬೆಯ ಕಟ್ಟು ಹಾಕಿಸಿಕೊಂಡು ಬಂದವರೂ ಉಂಟು. ಕಟ್ಟು ಬಿಚ್ಚುವವರೆಗೂ ಮಟ್ಟಿಗೆ ಕಾಲಿಡುವಂತಿರಲಿಲ್ಲ.

ಹೊಸ ಕಾಲದ ತಂಡದ ಆಟಗಳು ಬಂದಾಗ ವಿಚಿತ್ರವೊಂದು ನಡೆಯಿತು. ಹನ್ನೊಂದು ಮಂದಿ ಆಡುವ ಆಟದಲ್ಲಿ ಬದಲಿ ಸಿಗುವುದು ಸುಲಭವಾಗಬೇಕಿತ್ತು, ಆಗಲಿಲ್ಲ. ಇಂಗ್ಲೆಂಡಿನ ಲೀಗ್ ಫುಟ್‌ಬಾಲಿನಲ್ಲಿ ಬದಲಿ ಆಟಗಾರನಿಗೆ ಜಾಗ ಸಿಕ್ಕಿದ್ದು 1965ರಲ್ಲಿ, ಅದೂ ಗಾಯವಾದರೆ ಮಾತ್ರ, ಒಬ್ಬನಿಗೆ ಮಾತ್ರ. ವಿಶ್ವಕಪ್ಪಿನಲ್ಲಿ 1970ರವರೆಗೂ ಅದಿರಲಿಲ್ಲ. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲಿ ಬರ್ಟ್ ಟ್ರಾಟ್‌ಮನ್ ಎದುರಾಳಿಯ ಕಾಲಿಗೆ ಎಗರಿ ಚೆಂಡು ಹಿಡಿದು ಕುತ್ತಿಗೆ ಮುರಿದುಕೊಂಡರು. ಇನ್ನು 17 ನಿಮಿಷ ಆಟವಿತ್ತು. ತಂಡ 3-1ರಿಂದ ಗೆದ್ದಿತು. ಮುರಿದದ್ದು ಗೊತ್ತಾದದ್ದು ಕೆಲವು ದಿನ ಕಳೆದು ಎಕ್ಸ್‌ರೇ ತೆಗೆದಾಗ. 1970ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಟಲಿಯ ಎದುರು ಫ್ರಾಂಜ್ ಬೆಕೆನ್‌ಬಾವರ್ ಜಾರಿದ ಭುಜವನ್ನು ಎದೆಗೆ ಬಿಗಿದುಕೊಂಡು ಹೆಚ್ಚುವರಿ ಸಮಯವನ್ನೂ ಆಡಿದರು. ಆ ಹೊತ್ತಿಗೆ ಬದಲಿಗಳು ಬಂದಿದ್ದರೂ ಪಶ್ಚಿಮ ಜರ್ಮನಿ ತನ್ನ ಪಾಲಿನ ಇಬ್ಬರನ್ನೂ ಬಳಸಿ ಮುಗಿಸಿತ್ತು.

ಧೈರ್ಯಕ್ಕೆ ಬಿಟ್ಟದ್ದನ್ನು ನಿಯಮ ಕೈಗೆತ್ತಿಕೊಂಡ ಉದಾಹರಣೆ ನಮ್ಮಲ್ಲೂ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಬಹುತೇಕ ಆಟಗಾರರು ಬರಿಗಾಲಲ್ಲಿ ಆಡಿದರು. ಭಾರತದ ಏಕೈಕ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಿಂದ ಬಗ್ಗುಬಡಿದಾಗ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು.

ಕ್ರಿಕೆಟ್ಟು ಇನ್ನೂ ಹಠಮಾರಿ. ಅಲ್ಲಿ ಬದಲಿ ಆಟಗಾರ ಫೀಲ್ಡಿಂಗ್ ಮಾಡಬಹುದಿತ್ತು, ಬ್ಯಾಟಿಂಗ್ ಬೌಲಿಂಗ್ ಮಾಡುವಂತಿರಲಿಲ್ಲ. 1976ರ ಏಪ್ರಿಲ್‌ನಲ್ಲಿ ಜಮೈಕಾದ ಸಬೀನಾ ಪಾರ್ಕ್‌ನಲ್ಲಿ ಇದರ ಬೆಲೆ ತೆತ್ತವರಲ್ಲಿ ಕರ್ನಾಟಕದವರೇ ಮೂವರು. ಜಿ.ಆರ್. ವಿಶ್ವನಾಥ್ ಬೆರಳು ಮುರಿಯಿತು, ಬ್ರಿಜೇಶ್ ಪಟೇಲ್ ಬಾಯಿಗೆ ಪೆಟ್ಟು ಬಿತ್ತು, ಬಿ.ಎಸ್. ಚಂದ್ರಶೇಖರ್ ಫೀಲ್ಡಿಂಗ್ ಮಾಡುವಾಗ ಕೈ ನೋಯಿಸಿಕೊಂಡರು. ಅಂಶುಮನ್ ಗಾಯಕ್ವಾಡ್ ಕಿವಿಗೆ ಚೆಂಡು ಬಡಿಸಿಕೊಂಡು ಆಸ್ಪತ್ರೆ ಸೇರಿದರು. ನಾಯಕ ಬಿಷನ್ ಸಿಂಗ್ ಬೇಡಿ ಮೊದಲ ಇನಿಂಗ್ಸನ್ನು ಆರು ವಿಕೆಟ್ಟಿಗೆ 306ರಲ್ಲೇ ಡಿಕ್ಲೇರ್ ಮಾಡಿದರು. ಎರಡನೆಯ ಇನಿಂಗ್ಸ್ ಐದು ವಿಕೆಟ್ಟಿಗೆ 97ರಲ್ಲಿ ನಿಂತುಹೋಯಿತು. ಉಳಿದ ಐವರ ಹೆಸರಿನ ಮುಂದೆ ‘ಗಾಯದಿಂದ ಗೈರು’ ಎಂದು ಬರೆಯಬೇಕಾಯಿತು. ಗಾಯಾಳುಗಳನ್ನು ಇಳಿಸುವುದಿಲ್ಲ ಎಂದು ನಾಯಕನೇ ಕೈಯೆತ್ತಿದ ಅಪರೂಪದ ಸಂದರ್ಭ ಅದು. ಭಾರತ ಪಂದ್ಯ ಸೋತಿತು, ಮಾತು ಬಂತು.

ಒಬ್ಬನೇ ಆಟಗಾರ ಎರಡು ಸಲ ಎರಡು ದಾರಿ ಹಿಡಿದ ಉದಾಹರಣೆ ಬೇಕಿದ್ದರೆ ಅನಿಲ್ ಕುಂಬ್ಳೆ ಇದ್ದಾರೆ. ಅವರ ಮನೆತನದ ಬೇರು ಕಾಸರಗೋಡಿನ ಕುಂಬಳೆಯಲ್ಲಿ, ಆಟದ ಬೇರು ಬೆಂಗಳೂರಿನಲ್ಲಿ. ಭುಜದ ಶಸ್ತ್ರಚಿಕಿತ್ಸೆಯಾಗಿದ್ದ ಕಾರಣ 2001ರಲ್ಲಿ ಸ್ಟೀವ್ ವಾ ಅವರ ಆಸ್ಟ್ರೇಲಿಯಾ ಬಂದಾಗ ಅವರು ಹೊರಗಿದ್ದರು. ಆ ಜಾಗದಲ್ಲಿ ಹರ್ಭಜನ್ ಸಿಂಗ್ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಕಿತ್ತರು, ಭಾರತ ಸರಣಿ ಗೆದ್ದಿತು. ಮುಂದಿನ ವರ್ಷ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲ್ಲನ್ ಎಸೆದ ಚೆಂಡು ದವಡೆ ಮುರಿಯಿತು. ಬೆಂಗಳೂರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ವಿಮಾನ ಹತ್ತುವ ಮುನ್ನ ಕುಂಬ್ಳೆ ಮೈದಾನಕ್ಕೆ ಬಂದರು: ಗಲ್ಲದಡಿಯಿಂದ ನೆತ್ತಿಯ ಮೇಲಕ್ಕೆ ಸುತ್ತಿದ ಬಿಳಿ ಬ್ಯಾಂಡೇಜು, ಬಾಯಿ ತೆರೆಯದಂತೆ ಬಿಗಿದ ದವಡೆ. ಸತತ 14 ಓವರ್ ಎಸೆದು, 29 ರನ್ ಕೊಟ್ಟು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದರು. ಪಂದ್ಯ ಡ್ರಾ ಆಯಿತು.

ಆ ಚಿತ್ರ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಆದರೆ ಭಾರತದ ಬಳಿ ಬೌಲಿಂಗ್ ಮಾಡಬಲ್ಲ ಬದಲಿ ಇದ್ದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. 2001ರಲ್ಲಿ ಸರಣಿಗೆ ಮುಂಚೆ ಬೇರೆಯವರನ್ನು ಆರಿಸುವ ದಾರಿ ತೆರೆದಿತ್ತು, ಹಾಗಾಗಿ ಭುಜಕ್ಕೆ ವಿಶ್ರಾಂತಿ ಸಿಕ್ಕಿತು. 2002ರಲ್ಲಿ ಪಂದ್ಯದ ನಡುವೆ ಆ ದಾರಿ ಮುಚ್ಚಿತ್ತು.

ದಾರಿ ತೆರೆದಿದ್ದಾಗಲೂ ತೀರ್ಮಾನ ಸಲೀಸಲ್ಲ. 1998ರ ವಿಶ್ವಕಪ್ ಫೈನಲ್ ದಿನ ಬ್ರೆಜಿಲ್ಲಿನ ರೊನಾಲ್ಡೊಗೆ ಸೆಳವು ಬಂತು. ಮೊದಲ ಪಟ್ಟಿಯಲ್ಲಿ ಅವರ ಹೆಸರಿನ ಬದಲು ಎಡ್ಮುಂಡೊ ಹೆಸರಿತ್ತು. ಪಂದ್ಯ ಶುರುವಾಗುವ ಹೊತ್ತಿಗೆ ರೊನಾಲ್ಡೊ ಅಂಗಳದಲ್ಲಿದ್ದರು. ಬ್ರೆಜಿಲ್ 0-3ರಿಂದ ಸೋತಿತು. ಇಪ್ಪತ್ತು ವರ್ಷದ ಬಳಿಕ ಈಜಿಪ್ಟ್ ತದ್ವಿರುದ್ಧ ಹೆಜ್ಜೆ ಇಟ್ಟಿತು. 2018ರ ಮೇ 26ರಂದು ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮೊಹಮ್ಮದ್ ಸಲಾ ಭುಜಕ್ಕೆ ಪೆಟ್ಟಾಗಿತ್ತು. ಜೂನ್ 15ರಂದು ಉರುಗ್ವೆ ಎದುರು ವಿಶ್ವಕಪ್ಪಿನ ಮೊದಲ ಪಂದ್ಯ. ಅಂದೇ ಸಲಾ ಹುಟ್ಟುಹಬ್ಬ. ಅವರು ಆಡುವುದು ಹೆಚ್ಚೂಕಡಿಮೆ ಖಚಿತ ಎಂದು ಕೋಚ್ ಹೆಕ್ಟರ್ ಕೂಪರ್ ಹಿಂದಿನ ದಿನ ಹೇಳಿದ್ದರು. ಪಂದ್ಯದುದ್ದಕ್ಕೂ ಸಲಾ ಬೆಂಚಿನಲ್ಲೇ ಕೂತರು. 89ನೆಯ ನಿಮಿಷದಲ್ಲಿ ಗೋಲು ಬಿತ್ತು, ಈಜಿಪ್ಟ್ ಸೋತಿತು. ಎರಡನೆಯ ಪಂದ್ಯದಲ್ಲಿ ಸಲಾ ಆಡಿ ಪೆನಾಲ್ಟಿ ಗೋಲನ್ನೂ ಹೊಡೆದರು, ಆದರೆ ರಷ್ಯಾ 3-1ರಿಂದ ಗೆದ್ದಿತು.

ಇದೇ ಲೆಕ್ಕಾಚಾರ 2023ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಮೇ 1ರ ಐಪಿಎಲ್ ಪಂದ್ಯದಲ್ಲಿ ಚೆಂಡಿನ ಹಿಂದೆ ಓಡುವಾಗ ಕೆ.ಎಲ್. ರಾಹುಲ್ ತೊಡೆ ಸೆಟೆಯಿತು, ಶಸ್ತ್ರಚಿಕಿತ್ಸೆಯಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪಳಗಿದ ಅವರನ್ನು ಏಷ್ಯಾ ಕಪ್ ತಂಡಕ್ಕೆ ಆರಿಸಿದರು. ಆರಿಸುವಾಗಲೇ ಹಳೆಯ ಗಾಯಕ್ಕೆ ಸಂಬಂಧವಿಲ್ಲದ ಸಣ್ಣದೊಂದು ನೋವಿದೆ ಎಂದು ಆಯ್ಕೆಗಾರರು ಹೇಳಿದ್ದರು. ಪಾಕಿಸ್ತಾನದ ಎದುರಿನ ಮೊದಲ ಪಂದ್ಯ ಸೆಪ್ಟೆಂಬರ್ 2ಕ್ಕೆ. ರಾಹುಲ್ ಮೊದಲ ಎರಡು ಪಂದ್ಯ ಆಡುವುದಿಲ್ಲ ಎಂದು ಕೋಚ್ ರಾಹುಲ್ ದ್ರಾವಿಡ್ ಆಗಸ್ಟ್ 29ರಂದೇ ತಿಳಿಸಿಬಿಟ್ಟರು. ಅವರ ಜಾಗದಲ್ಲಿ ಕೀಪಿಂಗ್ ಮಾಡಿದ ಇಶಾನ್ ಕಿಶನ್ 82 ಹೊಡೆದರು. ಸೆಪ್ಟೆಂಬರ್ 10ರಂದು ಶ್ರೇಯಸ್ ಅಯ್ಯರ್ ಬೆನ್ನು ಹಿಡಿದುಕೊಂಡಿತು; ಟಾಸ್‌ಗೆ ತುಸು ಮುಂಚೆ ರಾಹುಲ್‌ಗೆ ಕರೆ ಬಂತು. ಅದೇ ಪಾಕಿಸ್ತಾನದ ಎದುರು ಔಟಾಗದೆ 111.

ಹಾಗೆಂದು ಕಾಯ್ದವರೆಲ್ಲ ಗೆಲ್ಲುತ್ತಾರೆ, ಗಟ್ಟಿಮುಟ್ಟಾದವರೆಲ್ಲ ಉಳಿಯುತ್ತಾರೆ ಎಂದೇನಿಲ್ಲ. 2022ರ ಪ್ರೊ ಕಬಡ್ಡಿಗೆ ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್‌ಗೆ 2.26 ಕೋಟಿ ರೂಪಾಯಿ ಸುರಿದಿತ್ತು. ಅಕ್ಟೋಬರ್ 8ರಂದು ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಋತುವಿನ ತಮ್ಮ ಮೊದಲ ಪಂದ್ಯದಲ್ಲೇ ಅವರ ಮೊಣಕಾಲು ಕೈಕೊಟ್ಟಿತು. ಉಳಿದ ಋತುವಿಡೀ ಅವರು ಹೊರಗೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳಲ್ಲಿ ನಿಯಮದ ಕೊರತೆ ಇಲ್ಲ. ಕಬಡ್ಡಿಯಲ್ಲಿ ಏಳು ಜನ ಅಂಕಣದಲ್ಲಿ, ಬದಲಿಗಳು ಹೊರಗೆ. ಕೊರತೆ ಇರುವುದು ಬೇಡ ಎನ್ನುವವರದು. ಸೆಮಿಫೈನಲ್ ಹೊತ್ತಿಗೆ ಮುಖ್ಯ ರೈಡರ್‌ನ ಹಿಮ್ಮಡಿ ಊದಿರುತ್ತದೆ. ಯಾರೋ ಸ್ಪ್ರೇ ಹೊಡೆಯುತ್ತಾರೆ, ಇನ್ನೊಬ್ಬ ಕ್ರೇಪ್ ಬ್ಯಾಂಡೇಜು ಸುತ್ತುತ್ತಾನೆ, ಎಂಟ್ರಿ ಫೀ ಕಟ್ಟಿದ ಊರಿನ ಯಜಮಾನರು ‘ಒಂದ್ ರೈಡ್ ಹೋಗಿ ಬಾರಲೇ, ಆಮೇಲೆ ಕುಂತ್ಕಳುವಂತೆ’ ಎನ್ನುತ್ತಾರೆ. ಹುಡುಗನೂ ಹೋಗಿಯೇ ಬಿಡುತ್ತಾನೆ. ಗರಡಿಯ ಉಸ್ತಾದ ಇವರ ಜೊತೆ ಬಂದಿಲ್ಲ, ಫಿಸಿಯೊ ಇನ್ನೂ ತಲುಪಿಲ್ಲ; ಎಕ್ಸ್‌ರೇ ಆಗುವುದು ಬೆಳಗ್ಗೆ ಪೇಟೆಯ ಆಸ್ಪತ್ರೆಯಲ್ಲಿ.

ದೊಡ್ಡ ಆಟಗಳಲ್ಲಿ ಗಂಟು ಒಂದೊಂದೇ ಸಡಿಲವಾಗುತ್ತಿದೆ. ತಲೆಗೆ ಪೆಟ್ಟಾದರೆ ಪೂರ್ತಿ ಆಡಬಲ್ಲ ಬದಲಿಯನ್ನು ಅಂತರರಾಷ್ಟ್ರೀಯ ಕ್ರಿಕೆಟ್ 2019ರ ಆಗಸ್ಟ್‌ನಲ್ಲಿ ಒಪ್ಪಿತು. 2025ರ ಇಂಗ್ಲೆಂಡ್ ಸರಣಿಯಲ್ಲಿ ರಿಷಭ್ ಪಂತ್ ಮುರಿದ ಪಾದದಲ್ಲಿ ಕುಂಟುತ್ತ ಬಂದು ಅರ್ಧಶತಕ ಮುಗಿಸಿದರು. ಜಾರಿದ ಭುಜವನ್ನು ಸ್ವೆಟರ್‌ನೊಳಗೆ ಕಟ್ಟಿಕೊಂಡು ಕ್ರಿಸ್ ವೋಕ್ಸ್ ಒಂಟಿಗೈಯಲ್ಲಿ ಬ್ಯಾಟ್ ಹಿಡಿದರು. ಬದಲಿ ಬೇಕು ಎಂದವರು ಗೌತಮ್ ಗಂಭೀರ್, ಅದು ಹಾಸ್ಯಾಸ್ಪದ ಎಂದವರು ಬೆನ್ ಸ್ಟೋಕ್ಸ್. ಅದೇ ವರ್ಷದ ಆಗಸ್ಟ್‌ನಲ್ಲಿ ಬಿಸಿಸಿಐ ತನ್ನ ದೇಶೀಯ ಬಹುದಿನದ ಪಂದ್ಯಗಳಿಗೆ ಗಂಭೀರ ಗಾಯದ ಬದಲಿಯ ನಿಯಮ ತಂದಿತು. ಗಾಯ ಆ ಪಂದ್ಯದಲ್ಲೇ ಆಗಿರಬೇಕು, ಮ್ಯಾಚ್ ರೆಫರಿ ಒಪ್ಪಬೇಕು, ಬರುವವನು ಹೋದವನಂಥದೇ ಆಟಗಾರನಾಗಿರಬೇಕು. ಕರ್ನಾಟಕದ ರಣಜಿ ತಂಡಕ್ಕೂ ಈಗ ಅದೇ ನಿಯಮ. ಹಳೆಯ ನೋವು ಹೊತ್ತುಕೊಂಡೇ ಋತುವಿನ ಮೊದಲ ಪಂದ್ಯಕ್ಕೆ ಬರುವವನ ವಿಷಯ ಮಾತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ. ಆ ತೀರ್ಮಾನವನ್ನು ಇಂದಿಗೂ ಫಿಸಿಯೊ, ಕೋಚ್, ಆಯ್ಕೆಗಾರರು ಕೂತು ಹಂಚಿಕೊಳ್ಳಬೇಕು. ‘ನನಗೇನೂ ಆಗಿಲ್ಲ’ ಎನ್ನುವ ಆಟಗಾರನ ಮಾತನ್ನು ಎಷ್ಟು ನಂಬಬೇಕು ಎಂಬುದು ಅವರವರಿಗೆ ಬಿಟ್ಟದ್ದು.